ಹಡಗಿನಲ್ಲಿ ಬರದ ತೊಟ್ಟಿಲು

ಪ್ರಶ್ನೆ: ನಾವು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಲ್ಯಾಂಕಾಸ್ಟರ್ ಕೌಂಟಿಯಲ್ಲಿ ಇದ್ದೇವೆ. ಪಕ್ಕದ ಮನೆಯ ಅಜ್ಜಿ ವೃದ್ಧಾಶ್ರಮಕ್ಕೆ ಹೋಗುವ ಮುಂಚೆ ತಮ್ಮ ಮನೆತನದ ಮರದ ತೊಟ್ಟಿಲನ್ನು ನನ್ನ ಮಗಳಿಗೆ ಕೊಟ್ಟರು. ಮಗಳು ಈಗ ಏಳು ತಿಂಗಳ ಬಸುರಿ. ತೊಟ್ಟಿಲಿನ ತಳಕ್ಕೆ ಒಂದು ಚೀಟಿ ಅಂಟಿಸಿದ್ದಾರೆ. "1738ರಲ್ಲಿ ನಮ್ಮ ಹಿರಿಯರ ಜೊತೆ ಜರ್ಮನಿಯಿಂದ ಹಡಗಿನಲ್ಲಿ ಬಂದದ್ದು" ಎಂದು ಇಂಗ್ಲಿಷಿನಲ್ಲಿ ಬರೆದಿದೆ. ಇದು ನಿಜವೇ? ಆ ಮನೆತನದ ಬಗ್ಗೆ ತಿಳಿಯುವುದು ಹೇಗೆ? ಪಾಲಿಶ್ ಮಾಡಿಸಿ ಮಗುವನ್ನು ಮಲಗಿಸಬಹುದೇ? ಫೋಟೋ ಕಳಿಸಿದ್ದೇನೆ.

ಉತ್ತರ: ಮೊದಲು ಅವಸರದ ವಿಷಯ. ಪಾಲಿಶ್‌ನವರನ್ನು ಕರೆಯಬೇಡಿ. ಮಗುವನ್ನು ಅದರಲ್ಲಿ ಮಲಗಿಸುವ ಯೋಚನೆಯನ್ನೂ ಬಿಡಿ. ಎರಡಕ್ಕೂ ಕಾರಣ ಇದೆ, ಮುಂದೆ ಬರೆಯುತ್ತೇನೆ.

ಇನ್ನು ಚೀಟಿಯ ಮಾತು. ನಿಮ್ಮ ಫೋಟೋಗಳನ್ನು ದೊಡ್ಡದು ಮಾಡಿಕೊಂಡು ಎರಡು ದಿನ ನೋಡಿದೆ. ಈ ತೊಟ್ಟಿಲು ಹಡಗಿನಲ್ಲಿ ಬಂದದ್ದಲ್ಲ. ಜರ್ಮನಿಯದೂ ಅಲ್ಲ. ನೀವಿರುವ ಸೀಮೆಯಲ್ಲೇ ಬೆಳೆದ ಮರದಿಂದ, ಹೆಚ್ಚುಕಡಿಮೆ 1795ರಿಂದ 1835ರ ಒಳಗೆ ಮಾಡಿದ್ದು. ಓದಿ ಬೇಜಾರು ಮಾಡಿಕೊಳ್ಳಬೇಡಿ. ಅಜ್ಜಿಗೆ ಹೇಗಪ್ಪಾ ಹೇಳುವುದು ಅಂತ ಸಂಕಟವೂ ಬೇಡ. ಚೀಟಿ ಬರೆದವರು ಸುಳ್ಳು ಹೇಳಿದ್ದಾರೆ ಅಂತ ನನಗೆ ಅನ್ನಿಸುವುದಿಲ್ಲ. ಎರಡು ಬೇರೆ ಬೇರೆ ನಿಜಗಳನ್ನು ಒಂದೇ ಸಾಲಿಗೆ ಪೋಣಿಸಿಬಿಟ್ಟಿದ್ದಾರೆ, ಅಷ್ಟೇ.

ತಳದಿಂದ ಶುರು ಮಾಡೋಣ. ಹಳೇ ಮರದ ಸಾಮಾನು ರಿಪೇರಿ ಮಾಡುವ ನಾವು ಮೊದಲು ಮುಖ ನೋಡುವುದಿಲ್ಲ. ಮಗುಚಿ ಹಾಕಿ ಹೊಟ್ಟೆ, ಬೆನ್ನು ನೋಡುತ್ತೇವೆ. ಮುಖವನ್ನು ನೂರು ಜನ ಉಜ್ಜಿರುತ್ತಾರೆ, ಒರೆಸಿರುತ್ತಾರೆ, ಬಣ್ಣ ಬಳಿದಿರುತ್ತಾರೆ. ಹೊಟ್ಟೆಯ ಕಡೆ ಯಾರೂ ಹೋಗುವುದಿಲ್ಲ. ಬಡಗಿ ಬಿಟ್ಟದ್ದು ಬಿಟ್ಟ ಹಾಗೇ ಇರುತ್ತದೆ.

ನಿಮ್ಮ ತೊಟ್ಟಿಲಿನ ನಾಲ್ಕು ಪಕ್ಕದ ಹಲಗೆಗಳು ಬ್ಲ್ಯಾಕ್ ವಾಲ್‌ನಟ್, ಅಂದರೆ ಅಮೆರಿಕದ ಕರಿ ಅಕ್ರೋಟಿನ ಮರ. ತಳದ ಹಲಗೆ ಬೇರೆ. ಕಂದು ಬಣ್ಣ, ಅದರೊಳಗೆ ಎಲ್ಲೋ ಒಂದು ಹಸಿರು ಛಾಯೆ, ಎಳೆ ನುಣ್ಣಗೆ. ಅದು ಟುಲಿಪ್ ಪಾಪ್ಲರ್. ಈ ಮರ ಹುಟ್ಟಿದ ನೆಲ ಉತ್ತರ ಅಮೆರಿಕದ ಪೂರ್ವ ಭಾಗ. ಇದಕ್ಕೆ ಇರುವ ಒಬ್ಬನೇ ದಾಯಾದಿ ದೂರದ ಚೀನಾ ಕಡೆ ಇದ್ದಾನೆ. ಯೂರೋಪಿನ ಕಾಡಿನಲ್ಲಿ ಇದು ಬೆಳೆಯುವುದಿಲ್ಲ. ಹೂವು ಚೆಂದ ಅಂತ ಅಲ್ಲಿನ ದೊಡ್ಡವರ ತೋಟಗಳಿಗೆ 1600ರ ದಶಕಗಳಲ್ಲೇ ಒಯ್ದು ನೆಟ್ಟದ್ದುಂಟು, ನಿಜ. ಆದರೆ ರೈನ್ ನದಿಯ ದಂಡೆಯ ಹಳ್ಳಿಯ ಬಡಗಿಯೊಬ್ಬ ತೊಟ್ಟಿಲಿನ ತಳಕ್ಕೆ ಅದನ್ನು ಕೊಯ್ದು ಹಾಕುವಷ್ಟು ಎಲ್ಲಿಂದ ಬರಬೇಕು? ಪೆನ್ಸಿಲ್ವೇನಿಯಾದ ಬಡಗಿಗೋ ಇದು ದಿನಬಳಕೆಯ ಮರ. ಮೆತ್ತಗೆ, ಅಗಲ, ಅಗ್ಗ. ಡ್ರಾಯರಿನ ತಳಕ್ಕೆ, ಪೆಟ್ಟಿಗೆಯ ಬೆನ್ನಿಗೆ, ಕಣ್ಣಿಗೆ ಕಾಣದ ಕಡೆಗೆಲ್ಲ ಇದನ್ನೇ ಹಾಕುತ್ತಿದ್ದರು. ದಾಖಲೆಗೆ ಬೇಕಿದ್ದರೆ ಸಾಸಿವೆ ಕಾಳಿನಷ್ಟು ಚೂರನ್ನು ಮೈಕ್ರೋಸ್ಕೋಪಿನ ಕೆಳಗೆ ಇಟ್ಟು ನೋಡುವವರು ಇದ್ದಾರೆ, ಒಂದು ಗಂಟೆಯ ಕೆಲಸ.

ಮರ ಊರು ಹೇಳಿತು. ಕಾಲ ಹೇಳುವುದು ಮೊಳೆ. ತಳದ ಹಲಗೆಯನ್ನು ಬಡಿದ ಮೊಳೆಗಳಲ್ಲಿ ಒಂದು ಅರ್ಧ ಹೊರಗೆ ಬಂದಿದೆ, ನೀವು ಅದರ ಫೋಟೋ ತೆಗೆದದ್ದು ಬಹಳ ಒಳ್ಳೆಯದಾಯಿತು. ಕಮ್ಮಾರ ಒಂದೊಂದಾಗಿ ಬಡಿದು ಮಾಡುತ್ತಿದ್ದ ಹಳೇ ಮೊಳೆ ನಾಲ್ಕೂ ಮುಖದಲ್ಲಿ ಸಣ್ಣಗಾಗುತ್ತಾ ಹೋಗುತ್ತದೆ. 1790ರ ದಶಕದಲ್ಲಿ ಕಬ್ಬಿಣದ ತಗಡನ್ನು ಕತ್ತರಿಸಿ ಮೊಳೆ ಮಾಡುವ ಯಂತ್ರ ಬಂತು. ಆ ಮೊಳೆ ಎರಡು ಮುಖದಲ್ಲಿ ಮಾತ್ರ ಸಣ್ಣಗಾಗುತ್ತದೆ, ಉಳಿದೆರಡು ಮುಖ ಒಂದೇ ದಪ್ಪ. ನಿಮ್ಮದು ಈ ಎರಡನೇ ಬಗೆ. ಆದರೆ ಅದರ ತಲೆ ಇನ್ನೂ ಕೈಯಲ್ಲಿ ಬಡಿದದ್ದು, ಒಂದು ಕಡೆ ಸೊಟ್ಟ. ಶುರುವಿನ ವರ್ಷಗಳ ಕತ್ತರಿಸಿದ ಮೊಳೆಗೆ ತಲೆಯನ್ನು ಹೀಗೆ ಸುತ್ತಿಗೆಯಲ್ಲೇ ಕೂರಿಸುತ್ತಿದ್ದರು. ನಾವು ಈಗ ಅಂಗಡಿಯಲ್ಲಿ ತರುವ ಗುಂಡು ತಂತಿಯ ಮೊಳೆ ಅಮೆರಿಕದಲ್ಲಿ ಎಲ್ಲೆಡೆ ಹರಡಿದ್ದು 1890ರ ಹೊತ್ತಿಗೆ.

ಮೊಳೆ ನೋಡಿ ಮನೆಯ ವಯಸ್ಸು ಹೇಳುವ ಈ ವಿದ್ಯೆಯನ್ನು ಕ್ರಮವಾಗಿ ಬರೆದಿಟ್ಟವರಲ್ಲಿ ಮೊದಲಿಗರು ನಿಮ್ಮ ರಾಜ್ಯದವರೇ, ಡಾಯ್ಲ್ಸ್‌ಟೌನ್‌ನ ಹೆನ್ರಿ ಚಾಪ್‌ಮನ್ ಮರ್ಸರ್. 1923ರಲ್ಲಿ ಬರೆದರು. ಯಂತ್ರಗಳು ಬಂದು ಕೈಕೆಲಸದ ಸಲಕರಣೆಗಳೆಲ್ಲ ಮೂಲೆಗೆ ಬೀಳುತ್ತಿದ್ದ ಕಾಲದಲ್ಲಿ ಅವನ್ನು ಗಾಡಿಗಟ್ಟಲೆ ತಂದು ಕೂಡಿಟ್ಟ ಮನುಷ್ಯ. ಅವರು ಕಟ್ಟಿದ ಕಾಂಕ್ರೀಟಿನ ಮ್ಯೂಸಿಯಂ 1916ರಲ್ಲಿ ತೆರೆಯಿತು. ನಡುವಿನ ಎತ್ತರದ ಅಂಗಳದಲ್ಲಿ ಕುರ್ಚಿ, ಬುಟ್ಟಿ, ಗಾಡಿ ಎಲ್ಲವನ್ನೂ ಮೇಲಿಂದ ತೂಗುಹಾಕಿದ್ದಾರೆ. ನಿಮ್ಮಿಂದ ಎರಡು ಗಂಟೆಯ ದಾರಿ. ಒಮ್ಮೆ ಹೋಗಿ ಬನ್ನಿ, ಕತ್ತು ನೋಯುವಷ್ಟು ನೋಡಿ.

ಮೊಳೆಯಿಂದ ಒಂದು ಕಡೆಯ ಗಡಿ ಸಿಕ್ಕಿತು, 1790ಕ್ಕಿಂತ ಹಿಂದಿನದಲ್ಲ. ಇನ್ನೊಂದು ಕಡೆಯ ಗಡಿ ಗರಗಸದ ಗುರುತಿನಲ್ಲಿದೆ. ತಳದ ಹಲಗೆಯ ಕೆಳಮುಖಕ್ಕೆ ಟಾರ್ಚನ್ನು ಓರೆಯಾಗಿ ಹಿಡಿದು ಫೋಟೋ ತೆಗೆದಿದ್ದೀರಲ್ವಾ, ಅದರಲ್ಲಿ ನೆಟ್ಟಗೆ ಗೀಟು ಗೀಟು ಕಾಣುತ್ತದೆ. ಹಳ್ಳದ ನೀರಿನಲ್ಲಿ ಓಡುತ್ತಿದ್ದ ಮಿಲ್ಲಿನ ಗರಗಸ ಮೇಲೆ ಕೆಳಗೆ ಹೋಗುತ್ತಿತ್ತು, ಅದು ಹೀಗೆ ನೇರ ಗೀಟು ಬಿಡುತ್ತದೆ. 1830, 1840ರ ದಶಕಗಳಲ್ಲಿ ಚಕ್ರದಂಥ ಗರಗಸ ಹರಡಿತು. ಅದರ ಗೀಟು ಬಿಲ್ಲಿನ ಹಾಗೆ ಬಾಗಿರುತ್ತದೆ. ನಿಮ್ಮ ತಳದಲ್ಲಿ ಬಿಲ್ಲಿಲ್ಲ.

ಒಂದು ಕಡೆ ಮಾತ್ರ ಇದೆ, ಅದು ತಲೆಬದಿಯ ತೂಗುಗಾಲಿನಲ್ಲಿ. ನಮ್ಮೂರಿನ ತೊಟ್ಟಿಲಿನ ಹಾಗೆ ಇದು ಸರಪಳಿಯಲ್ಲಿ ತೂಗುವುದಲ್ಲ, ನೆಲದ ಮೇಲೆ ಕೂತು ವಾಲುವುದು. ಕೆಳಗೆ ತಲೆಬದಿಗೊಂದು, ಕಾಲಬದಿಗೊಂದು ಬಾಗಿದ ಮರದ ಪಟ್ಟಿ. ಅದನ್ನೇ ತೂಗುಗಾಲು ಅನ್ನುತ್ತಿದ್ದೇನೆ. ತಲೆಬದಿಯದರಲ್ಲಿ ಬಾಗಿದ ಗೀಟು ಇದೆ, ಗುಂಡು ತಂತಿಯ ಮೊಳೆ ಇದೆ. ಅಂದರೆ ಹಳೆಯದು ಮುರಿದೋ ಸವೆದೋ ಹೋಗಿ, ಹೊಸದನ್ನು ಹಾಕಿದ್ದಾರೆ, ಬಹುಶಃ 1890ರ ಆಚೆಗೆ. ವ್ಯಾಪಾರಿ ನೋಡಿದರೆ ಇದು ಕುಂದು ಅನ್ನುತ್ತಾನೆ, ಬೆಲೆ ಇಳಿಸುತ್ತಾನೆ. ನನಗೆ ಇದನ್ನು ನೋಡಿದಾಗ ಖುಷಿಯಾಯಿತು. ಅಟ್ಟ ಸೇರಿದ ತೊಟ್ಟಿಲಿಗೆ ಯಾರೂ ಹೊಸ ಕಾಲು ಹಾಕಿಸುವುದಿಲ್ಲ. ಮಾಡಿ ಕಡಿಮೆ ಅಂದರೂ ಐವತ್ತು ವರ್ಷದ ಮೇಲೂ ಇದರಲ್ಲಿ ಮಗು ಮಲಗಿತ್ತು.

ಕಾಲಬದಿಯದು ಮೂಲದ್ದು. ಅದರ ಎಡ ತುದಿಯ ಮೇಲ್ಭಾಗವನ್ನು ನೋಡಿ. ಸುರುಳಿಯಂತೆ ಕೆತ್ತಿದ್ದ ಅಂಚು ಕರಗಿ ಬೋಳಾಗಿದೆ. ಬಲ ತುದಿಯಲ್ಲಿ ಸುರುಳಿ ಇನ್ನೂ ಚೂಪಾಗಿದೆ. ಅಲ್ಲಿ ಕಾಲಿಟ್ಟು ಒತ್ತುತ್ತಿದ್ದರು. ಕೈಗೆ ಬೇರೆ ಕೆಲಸ ಇತ್ತು, ರಾಟೆಯೋ, ಹೊಲಿಗೆಯೋ, ಬೀನ್ಸ್ ಬಿಡಿಸುವುದೋ. ಕಾಲು ಮಾತ್ರ ಮಗುವಿನದು. ಒಂದೇ ತುದಿ ಸವೆದಿದೆ ಅಂದರೆ ತೊಟ್ಟಿಲು ಹೆಚ್ಚಿನ ಕಾಲ ಒಂದೇ ಜಾಗದಲ್ಲಿ, ಬಹುಶಃ ಸ್ಟೋವಿನ ಪಕ್ಕ, ಒಂದೇ ದಿಕ್ಕಿಗೆ ಮುಖ ಮಾಡಿ ಇತ್ತು ಅಂತ ಊಹಿಸಬಹುದು.

ತಲೆ ಮತ್ತು ಕಾಲಿನ ಹಲಗೆಯಲ್ಲಿ ಹೃದಯದ ಆಕಾರದ ತೂತು ಇದೆಯಲ್ಲ, ನೀವು ಅದನ್ನು "ಪ್ರೀತಿಯ ಗುರುತೇ?" ಅಂತ ಕೇಳಿದ್ದೀರಿ. ಪೆನ್ಸಿಲ್ವೇನಿಯಾದ ಜರ್ಮನ್ ಮನೆಗಳಿಗೆ ಹೃದಯ ತುಂಬಾ ಇಷ್ಟದ ಆಕಾರ, ಪೆಟ್ಟಿಗೆಯ ಮೇಲೆ, ಕಾಗದದ ಮೇಲೆ, ತಟ್ಟೆಯ ಮೇಲೆ ಎಲ್ಲೆಲ್ಲೂ ಸಿಗುತ್ತದೆ. ತೊಟ್ಟಿಲಿನಲ್ಲಿ ಅದಕ್ಕೊಂದು ಕೆಲಸವೂ ಇದೆ. ಅದು ಹಿಡಿಕೆ. ಇಬ್ಬರು ಬೆರಳು ತೂರಿಸಿ ಮಗುವನ್ನು ಎಬ್ಬಿಸದೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಎತ್ತಿಕೊಂಡು ಹೋಗುವುದಕ್ಕೆ. ಹೃದಯದ ಮೇಲಂಚಿನ ಒಳಬದಿಗೆ ಬೆರಳು ಆಡಿಸಿ. ಅಲ್ಲಿ ಮಾತ್ರ ಗಾಜಿನಂತೆ ನುಣುಪಾಗಿರುತ್ತದೆ.

ಎರಡೂ ಪಕ್ಕದಲ್ಲಿ ಸಾಲಾಗಿ ಇರುವ ಮರದ ಗುಬುಟುಗಳು ಅಲಂಕಾರವಲ್ಲ. ಮಗುವನ್ನು ಬಟ್ಟೆಯಲ್ಲಿ ಸುತ್ತಿ ಮಲಗಿಸಿ, ಮೇಲಿನಿಂದ ದಾರವನ್ನು ಈ ಗುಬುಟಿಂದ ಆ ಗುಬುಟಿಗೆ ಅಡ್ಡಡ್ಡ ಎಳೆದು ಕಟ್ಟುತ್ತಿದ್ದರು, ಬೂಟಿನ ಲೇಸಿನ ಹಾಗೆ. ಹೊದಿಕೆ ಜಾರುವುದಿಲ್ಲ, ಜೋರಾಗಿ ತೂಗಿದರೂ ಮಗು ಉರುಳುವುದಿಲ್ಲ. ನಾನು ಹೇಳಿದಂತೆ ನೀವು ಕ್ಯಾಲಿಪರ್ ಹಿಡಿದು ಒಂದು ಗುಬುಟನ್ನು ಅಳೆದಿರಿ. ಒಂದು ದಿಕ್ಕಿಗೆ 26 ಮಿಲಿಮೀಟರ್, ಅದಕ್ಕೆ ಅಡ್ಡಲಾಗಿ 25.5. ಲೇತಿನ ಮೇಲೆ ಕಡೆದಾಗ ಅದು ಗುಂಡಗೇ ಇತ್ತು. ಮರ ಒಣಗುವಾಗ ಎಲ್ಲ ದಿಕ್ಕಿಗೂ ಒಂದೇ ಸಮ ಕುಗ್ಗುವುದಿಲ್ಲ. ಬೆಳವಣಿಗೆಯ ಉಂಗುರದ ಗುಂಟ ಜಾಸ್ತಿ, ಉಂಗುರಕ್ಕೆ ಅಡ್ಡಲಾಗಿ ಕಡಿಮೆ. ಹಾಗಾಗಿ ಹಳೇ ಗುಂಡು ಯಾವತ್ತೂ ಸ್ವಲ್ಪ ಮೊಟ್ಟೆಯಾಕಾರ. ಈ ಅರ್ಧ ಮಿಲಿಮೀಟರ್ ಒಂದನ್ನೇ ಹಿಡಿದು ವಯಸ್ಸು ಹೇಳಲಾಗದು. ಉಳಿದ ಸಾಕ್ಷಿಗಳ ಜೊತೆ ನಿಂತಾಗ ಅದರ ಮಾತಿಗೆ ತೂಕ.

ಇಷ್ಟೆಲ್ಲ ಯಾಕೆ ಕೆದಕುತ್ತೇನೆ ಅಂದರೆ, ಹಳೆಯದರ ಹಾಗೆ ಕಾಣುವುದು ಸುಲಭ. 1969ರಲ್ಲಿ ಅರ್ಮಾಂಡ್ ಲಾಮೊಂಟೇನ್ ಎಂಬ ಶಿಲ್ಪಿ ಒಂದು ಮರದ ಕುರ್ಚಿ ಮಾಡಿದರು, ಇಂಗ್ಲೆಂಡಿನಿಂದ ಅಮೆರಿಕಕ್ಕೆ ವಲಸಿಗರನ್ನು ತಂದ ಮೇಫ್ಲವರ್ ಹಡಗಿನಲ್ಲಿ ಬಂದ ವಿಲಿಯಂ ಬ್ರೂಸ್ಟರ್ ಅವರ ಹೆಸರಿನ ಹಳೇ ಕುರ್ಚಿಯ ಮಾದರಿಯಲ್ಲಿ. ತಜ್ಞರನ್ನೂ ಏಮಾರಿಸಬಹುದು ಎಂದು ತೋರಿಸುವ ಹಟ ಅವರದು. ಕುರ್ಚಿ ಕೈಯಿಂದ ಕೈಗೆ ದಾಟಿ, 1970ರಲ್ಲಿ ಹೆನ್ರಿ ಫೋರ್ಡ್ ಮ್ಯೂಸಿಯಂ ಅದನ್ನು 17ನೇ ಶತಮಾನದ್ದೆಂದು ಕೊಂಡುಕೊಂಡಿತು. ಏಳು ವರ್ಷದ ನಂತರ ಗುಟ್ಟು ಹೊರಬಿತ್ತು. ತೂತುಗಳನ್ನು ಅವರು ಬೇಕೆಂದೇ ಇವತ್ತಿನ ಡ್ರಿಲ್ಲಿನಲ್ಲಿ ಕೊರೆದಿದ್ದರು, ಎಕ್ಸ್‌ರೇಯಲ್ಲಿ ಅದು ಕಂಡಿತು. ಮ್ಯೂಸಿಯಂ ಆ ಕುರ್ಚಿಯನ್ನು ಬಚ್ಚಿಡಲಿಲ್ಲ, ನಕಲಿಯ ಪಾಠವಾಗಿ ಇಟ್ಟುಕೊಂಡಿತು. ನಿಮ್ಮ ತೊಟ್ಟಿಲಿನಲ್ಲಿ ನನಗೆ ಧೈರ್ಯ ಕೊಟ್ಟದ್ದು ತಳದ ನಡುವಿನ ಕಪ್ಪು ಕಲೆ. ಹಲಗೆಗಳ ಸಂದಿಯ ಎರಡೂ ಬದಿ, ಮೊಳೆಗಳ ಸುತ್ತ ಇನ್ನೂ ದಟ್ಟ. ಮಕ್ಕಳ ಉಚ್ಚೆ ಅದು. ವರ್ಷಗಟ್ಟಲೆ ಇಳಿದಿಳಿದು, ಕಬ್ಬಿಣ ತುಕ್ಕು ಹಿಡಿದು, ಮರದ ಒಗರಿನ ಜೊತೆ ಸೇರಿ ಕಪ್ಪಾಗಿದೆ.

ಹಾಗಾದರೆ 1738 ಎಲ್ಲಿಂದ ಬಂತು?

ಅದು ಅಜ್ಜಿಯ ಹಿರಿಯರು ಬಂದ ವರ್ಷ ಇರಬೇಕು. ಆ ಕಾಲದಲ್ಲಿ ಜರ್ಮನ್ ಮಾತಾಡುವ ಪ್ಯಾಲಟಿನೇಟ್, ಸ್ವಿಟ್ಜರ್ಲೆಂಡ್ ಕಡೆಯ ರೈತರು ಸಾವಿರಗಟ್ಟಲೆ ಪೆನ್ಸಿಲ್ವೇನಿಯಾಕ್ಕೆ ಬರುತ್ತಿದ್ದರು. ದೋಣಿಯಲ್ಲಿ ರೈನ್ ಇಳಿದು ರಾಟರ್‌ಡ್ಯಾಂ, ಅಲ್ಲಿಂದ ಇಂಗ್ಲೆಂಡಿನ ಒಂದು ಬಂದರು, ಆಮೇಲೆ ಕಡಲು, ಕೊನೆಗೆ ಫಿಲಡೆಲ್ಫಿಯಾ. ಟಿಕೆಟ್ಟಿಗೆ ದುಡ್ಡಿಲ್ಲದವರು ಇಳಿದ ಮೇಲೆ ಕೆಲವು ವರ್ಷ ಯಾರದೋ ಮನೆಯಲ್ಲಿ ದುಡಿದು ಸಾಲ ತೀರಿಸುತ್ತಿದ್ದರು. 1738 ಈ ಪ್ರಯಾಣದ ಚರಿತ್ರೆಯಲ್ಲೇ ಬಹಳ ಕೆಟ್ಟ ವರ್ಷ. ಹಡಗುಗಳಲ್ಲಿ ಜ್ವರ ಹರಡಿ ಜನ ಸತ್ತರು. ಅದಾದ ಹನ್ನೆರಡು ವರ್ಷಕ್ಕೆ, 1750ರಲ್ಲಿ ಬಂದ ಗಾಟ್ಲೀಬ್ ಮಿಟೆಲ್‌ಬರ್ಗರ್ ಎಂಬ ಶಾಲಾ ಮೇಷ್ಟ್ರು ತಮ್ಮ ಹಡಗಿನಲ್ಲಿ 32 ಮಕ್ಕಳು ಸತ್ತು ಸಮುದ್ರದ ಪಾಲಾದರೆಂದು ಬರೆದಿಟ್ಟಿದ್ದಾರೆ. ಒಂದರಿಂದ ಏಳು ವರ್ಷದ ಮಕ್ಕಳು ಈ ಪ್ರಯಾಣದಲ್ಲಿ ಬದುಕುವುದು ಅಪರೂಪ ಅಂತಲೂ ಬರೆದರು. ಜನ ಬರಬಾರದು ಅಂತಲೇ ಬರೆದವರು, ಸ್ವಲ್ಪ ಹೆಚ್ಚು ಹೇಳಿರಬಹುದು. ಆದರೂ ಅರ್ಧ ಅಂದುಕೊಂಡರೂ ಎದೆ ಹಿಂಡುತ್ತದೆ.

ಅಂಥ ಹಡಗಿನಲ್ಲಿ ಒಬ್ಬೊಬ್ಬರಿಗೆ ಮಲಗುವಷ್ಟು ಜಾಗವೇ ಕಷ್ಟ. ತಂದ ಪೆಟ್ಟಿಗೆಗಳನ್ನೇ ದಡದಲ್ಲಿ ಬಿಟ್ಟು ಹಡಗು ಹೊರಟುಬಿಡುತ್ತಿತ್ತು ಎಂಬ ದೂರು ಆಗ ಸಾಮಾನ್ಯ. ಭಾರದ ವಾಲ್‌ನಟ್ ತೊಟ್ಟಿಲನ್ನು ಯಾರು ಹೊರುತ್ತಾರೆ? ಕಡಲು ದಾಟಿ ಬಂದ ತೊಟ್ಟಿಲು ಇಲ್ಲವೇ ಇಲ್ಲ ಅಂತಲ್ಲ. ಮ್ಯಾಸಚೂಸೆಟ್ಸ್‌ನ ಪ್ಲಿಮತ್‌ನಲ್ಲಿ ಪಿಲ್‌ಗ್ರಿಮ್ ಹಾಲ್ ಮ್ಯೂಸಿಯಂ ಇದೆ. ಅಲ್ಲಿರುವ ಒಂದು ತೊಟ್ಟಿಲನ್ನು ವಿಲಿಯಂ ಮತ್ತು ಸುಸಾನಾ ವೈಟ್ ದಂಪತಿ 1620ರಲ್ಲಿ ಮೇಫ್ಲವರ್‌ನಲ್ಲಿ ತಂದರು ಎಂಬುದು ಪರಂಪರೆಯ ಮಾತು. ಸುಸಾನಾ ತುಂಬು ಬಸುರಿ. ಹಡಗು ಕೇಪ್ ಕಾಡ್‌ನಲ್ಲಿ ಲಂಗರು ಹಾಕಿದ್ದಾಗಲೇ ಮಗ ಹುಟ್ಟಿದ, ಪೆರೆಗ್ರಿನ್ ಅಂತ ಹೆಸರಿಟ್ಟರು, ಯಾತ್ರಿಕ ಎಂದು ಅರ್ಥ. ಮೂರು ತಿಂಗಳಿಗೆ ಅಪ್ಪ ತೀರಿಕೊಂಡರು. ಆ ಮಗು 83 ವರ್ಷ ಬದುಕಿತು. ಆದರೆ ಆ ತೊಟ್ಟಿಲು ಬೆತ್ತದ ಬುಟ್ಟಿಯಂತೆ ಹೆಣೆದದ್ದು, ಹಗುರ. ನಿಮ್ಮದನ್ನು ಎತ್ತಲು ಇಬ್ಬರು ಬೇಕಾದರು ಅಂತ ನೀವೇ ಬರೆದಿದ್ದೀರಿ.

ಚೀಟಿಯನ್ನೂ ಸ್ವಲ್ಪ ಓದೋಣ. ಕಾಗದಕ್ಕೆ ಯಂತ್ರದಲ್ಲಿ ಎಳೆದ ತೆಳು ನೀಲಿ ಗೆರೆ ಇದೆ. ಭಾಷೆ ಇಂಗ್ಲಿಷ್. ಆದರೆ ಈ ಜನ 1800 ದಾಟಿದ ಮೇಲೂ ಎಷ್ಟೋ ವರ್ಷ ಚರ್ಚಿನಲ್ಲಿ, ಪತ್ರಿಕೆಯಲ್ಲಿ, ಮನೆಯಲ್ಲಿ ಜರ್ಮನನ್ನೇ ಬಳಸಿದವರು. ಮನೆತನದ ಗುಟ್ಟನ್ನು ಇಂಗ್ಲಿಷಿನಲ್ಲಿ ಬರೆಯುವ ತಲೆಮಾರು ಬಂದದ್ದು ತಡವಾಗಿ. 1876ರಲ್ಲಿ ಅಮೆರಿಕಕ್ಕೆ ನೂರು ತುಂಬಿತು, ಫಿಲಡೆಲ್ಫಿಯಾದಲ್ಲಿ ದೊಡ್ಡ ಪ್ರದರ್ಶನ ನಡೆಯಿತು. ಹಳೇ ಕಾಲದ ಅಡುಗೆಮನೆ ಅಂತ ಒಂದನ್ನು ಕಟ್ಟಿ, ರಾಟೆ ಪಾತ್ರೆ ಎಲ್ಲ ಜೋಡಿಸಿ ತೋರಿಸಿದರು. ಆ ಹೊತ್ತಿಗೆ ಜನರಿಗೆ ತಮ್ಮ ಅಟ್ಟದ ಮೇಲಿನ ಸಾಮಾನಿನ ಮೇಲೆ ಪ್ರೀತಿ ಉಕ್ಕಿತು, ಮನೆಮನೆಯಲ್ಲೂ ಚೀಟಿ ಬರೆದು ಅಂಟಿಸಿದರು. ನಿಮ್ಮ ಚೀಟಿಯೂ ಆ ಕಾಲದ್ದು ಅಥವಾ ಅದರ ಈಚಿನದು. ಬರೆದವರಿಗೆ ಗೊತ್ತಿದ್ದದ್ದು ಎರಡು. ನಮ್ಮವರು 1738ರಲ್ಲಿ ಬಂದರು, ಈ ತೊಟ್ಟಿಲು ಮನೆಯಲ್ಲಿ ಮೊದಲಿಂದ ಇದೆ. ಎರಡೂ ನಿಜ. ನಡುವೆ ಇದ್ದ ಅರವತ್ತರಿಂದ ನೂರು ವರ್ಷ ಜಾರಿಹೋಯಿತು. ಹಡಗಿನಿಂದ ಇಳಿದವರ ಮೊಮ್ಮಕ್ಕಳಿಗೋ ಮರಿಮಕ್ಕಳಿಗೋ ಈ ತೊಟ್ಟಿಲು ಮಾಡಿಸಿದ್ದು. ಕಾಡು ಕಡಿದು, ಸಾಲ ತೀರಿಸಿ, ಬಡಗಿಗೆ ಕೊಡಲು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ. ನನ್ನ ಮಟ್ಟಿಗೆ ಹಡಗಿನ ಕಥೆಗಿಂತ ಇದು ಒಂದು ಕೈ ಹೆಚ್ಚು.

ಈಗ ಮನೆತನ. ಹೆಸರನ್ನು ಇಲ್ಲಿ ಬರೆಯುವುದಿಲ್ಲ. ದಾರಿ ಮಾತ್ರ ಹೇಳುತ್ತೇನೆ.

1727ರಿಂದ ಫಿಲಡೆಲ್ಫಿಯಾದಲ್ಲಿ ಇಳಿದ ಜರ್ಮನ್ ಗಂಡಸರು, 16 ದಾಟಿದವರು, ಬ್ರಿಟಿಷ್ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಿ ಸಹಿ ಹಾಕಬೇಕಿತ್ತು. ಆ ಪಟ್ಟಿಗಳು ಉಳಿದಿವೆ, ಅಚ್ಚೂ ಆಗಿವೆ, 1738ರವೂ ಇವೆ. ಕಪ್ತಾನ ಕೊಟ್ಟ ಪಟ್ಟಿಯಲ್ಲಿ ಹೆಸರು ಇಂಗ್ಲಿಷ್ ಕಿವಿಗೆ ಕೇಳಿಸಿದಂತೆ ಇರುತ್ತದೆ. ಅದನ್ನು ನಂಬಬೇಡಿ, ಸಹಿಯ ಪಟ್ಟಿ ನೋಡಿ. ಆಮೇಲೂ ಹೆಸರು ಬದಲಾಗುತ್ತಾ ಹೋಗುತ್ತದೆ. ಮ್ಯೂಲರ್ ಮಿಲ್ಲರ್ ಆದರು, ಷ್ನೈಡರ್ ಸ್ನೈಡರ್ ಆದರು, ಬಡಗಿ ಎಂಬರ್ಥದ ತ್ಸಿಮ್ಮರ್‌ಮನ್ ಕೆಲವು ಮನೆಗಳಲ್ಲಿ ಕಾರ್ಪೆಂಟರ್ ಆದರು. ಹೆಣ್ಣುಮಕ್ಕಳ, ಮಕ್ಕಳ ಹೆಸರು ಹೆಚ್ಚಿನ ಪಟ್ಟಿಗಳಲ್ಲಿ ಇಲ್ಲ. ತೊಟ್ಟಿಲು ಯಾರ ಲೋಕವೋ ಅವರೇ ಕಾಗದದಲ್ಲಿ ಕಾಣೆ. ಇದು ಈ ಕೆಲಸದಲ್ಲಿ ನನ್ನನ್ನು ಯಾವತ್ತೂ ನೋಯಿಸುವ ಸಂಗತಿ.

ಅವರನ್ನು ಹುಡುಕುವುದು ಬೇರೆ ಕಡೆ. ಅಜ್ಜಿಯ ಮನೆತನ ಲುಥೆರನ್ ಅಥವಾ ರಿಫಾರ್ಮ್ಡ್ ಚರ್ಚಿನವರಾದರೆ ತಾಫ್‌ಷೈನ್ ಇದೆಯೇ ಕೇಳಿ. ಮಗು ಹುಟ್ಟಿ ದೀಕ್ಷಾಸ್ನಾನ ಆದ ಮೇಲೆ ಬರೆಸುತ್ತಿದ್ದ ಬಣ್ಣದ ಕಾಗದ ಅದು. ಸುತ್ತ ಹಕ್ಕಿ, ಟುಲಿಪ್ ಹೂವು, ಹೃದಯ. ನಡುವೆ ಅಪ್ಪನ ಹೆಸರು, ಅಮ್ಮನ ತವರಿನ ಹೆಸರು, ಹುಟ್ಟಿದ ದಿನ, ಊರು, ಪಾದ್ರಿ, ಸಾಕ್ಷಿಗಳು. ಕೆಲವದರಲ್ಲಿ ಹುಟ್ಟಿದ ಗಳಿಗೆ, ರಾಶಿ ಕೂಡ, ನಮ್ಮ ಜಾತಕದಂತೆ! ಗೋಡೆಗೆ ಹಾಕುತ್ತಿರಲಿಲ್ಲ, ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸುತ್ತಿದ್ದರು ಅಥವಾ ಬೈಬಲ್ಲಿನೊಳಗೆ ಇಡುತ್ತಿದ್ದರು. ಹಾಗಾಗಿ ಅಜ್ಜಿಯ ಹಳೇ ಪೆಟ್ಟಿಗೆ ಯಾರಿಗೆ ಹೋಯಿತು ಅಂತ ವಿಚಾರಿಸಿ. ಮೆನೊನೈಟ್ ಅಥವಾ ಆಮಿಷ್ ಎಂಬ ಕ್ರೈಸ್ತ ಪಂಗಡದ ಮನೆತನವಾದರೆ ಇದು ಸಿಗುವುದಿಲ್ಲ, ಅವರು ಎಳೆ ಮಕ್ಕಳಿಗೆ ದೀಕ್ಷಾಸ್ನಾನ ಮಾಡುವವರಲ್ಲ. ಅವರ ಮನೆಯಲ್ಲಿ ಬೈಬಲ್ಲಿನ ಖಾಲಿ ಹಾಳೆ ನೋಡಬೇಕು. 1743ರಲ್ಲಿ ಜರ್ಮನ್‌ಟೌನ್‌ನ ಕ್ರಿಸ್ಟಾಫ್ ಸಾವರ್ ಜರ್ಮನ್ ಬೈಬಲ್ ಅಚ್ಚು ಹಾಕಿದರು, ದಪ್ಪ ಪುಸ್ತಕ. ಅಂಥವುಗಳ ಖಾಲಿ ಹಾಳೆಗಳಲ್ಲಿ ಎಷ್ಟೋ ಮನೆಗಳ ಜನನ ಮರಣದ ಲೆಕ್ಕ ಇದೆ.

ಆಮೇಲೆ ಕೋರ್ಟಿನ ಕಾಗದ. ಲ್ಯಾಂಕಾಸ್ಟರ್ ಕೌಂಟಿ ಆದದ್ದು 1729ರಲ್ಲಿ, ಆದ್ದರಿಂದ ನಿಮಗೆ ಬೇಕಾದ್ದೆಲ್ಲ ಅಲ್ಲೇ ಇರುವ ಸಾಧ್ಯತೆ ಹೆಚ್ಚು. ಮನೆಯ ಯಜಮಾನ ಸತ್ತಾಗ ಇದ್ದಬದ್ದ ಸಾಮಾನಿನ ಪಟ್ಟಿ ಮಾಡಿ ಬೆಲೆ ಕಟ್ಟುತ್ತಿದ್ದರು. ಅದರಲ್ಲಿ 'ಕ್ರೇಡಲ್' ಅಂತ ಕಂಡ ಕೂಡಲೇ ಕುಣಿಯಬೇಡಿ. ಧಾನ್ಯ ಕೊಯ್ಯುವ ಉದ್ದ ಕುಡುಗೋಲಿಗೆ ಮರದ ಬೆರಳು ಜೋಡಿಸಿದ ಒಂದು ಸಲಕರಣೆ ಇತ್ತು, ಕೊಯ್ದ ತೆನೆ ಒಂದೇ ಕಡೆ ಬೀಳಲಿ ಅಂತ. ಅದರ ಹೆಸರೂ ಕ್ರೇಡಲ್ಲೇ. ನಾನೇ ಶುರುವಿನಲ್ಲಿ ಒಂದು ಮನೆತನದ ಕಥೆಯನ್ನು ಈ ತಪ್ಪಿನ ಮೇಲೆ ಕಟ್ಟಿ, ಆಮೇಲೆ ಕ್ಷಮೆ ಕೇಳಿ ತಿದ್ದಿದ್ದೇನೆ. ಪಟ್ಟಿಯಲ್ಲಿ ಆಚೀಚೆ ಏನಿದೆ ನೋಡಿ. ಕುಡುಗೋಲು, ನೇಗಿಲಿನ ಮಧ್ಯೆ ಇದ್ದರೆ ಅದು ಹೊಲದ್ದು. ಹಾಸಿಗೆ, ರಾಟೆಯ ಪಕ್ಕದಲ್ಲಿದ್ದರೆ ಅದು ಮಗುವಿನದು. ಜನಗಣತಿ 1790ರಿಂದ ಇದೆ, ಆದರೆ 1840ರವರೆಗೆ ಯಜಮಾನನ ಹೆಸರು, ಉಳಿದವರ ತಲೆಲೆಕ್ಕ ಮಾತ್ರ. ಮನೆಮಂದಿಯ ಹೆಸರು ಒಬ್ಬೊಬ್ಬರದಾಗಿ ಬಂದದ್ದು 1850ರಲ್ಲಿ.

ಮಕ್ಕಳ ಸಂಖ್ಯೆ ನೋಡಿ ಬೆಚ್ಚಬೇಡಿ. ಆ ಸೀಮೆಯ ಹೆಸರಾಂತ ವಲಸಿಗ ಕಾನ್ರಾಡ್ ವೈಸರ್ 1729ರಲ್ಲಿ ಟಲ್ಪೆಹಾಕನ್ ಕಣಿವೆಗೆ ಬಂದು ನೆಲೆಸಿದರು, ಮೂಲನಿವಾಸಿಗಳಿಗೂ ಸರ್ಕಾರಕ್ಕೂ ನಡುವೆ ದುಭಾಷಿಯಾಗಿದ್ದರು. ಅವರ ಮನೆಯಲ್ಲಿ 14 ಮಕ್ಕಳು ಹುಟ್ಟಿದರು, ದೊಡ್ಡವರಾದದ್ದು ಏಳು. ಒಂದೇ ತೊಟ್ಟಿಲು ಒಂದು ಮನೆಯಲ್ಲಿ ಎಷ್ಟು ಸಲ ತುಂಬಿ ಎಷ್ಟು ಸಲ ಬರಿದಾಗಿರಬೇಕು, ಅಲ್ವಾ.

ನೀವು ಈ ಮನೆತನದ ಕಥೆ ಬರೆದಿಡುವುದಾದರೆ ಇನ್ನೊಂದು ಪುಟವನ್ನೂ ಸೇರಿಸಿ ಅಂತ ಕೇಳಿಕೊಳ್ಳುತ್ತೇನೆ. ಆ ವಾಲ್‌ನಟ್ ಬೆಳೆದ ಕಾಡು ಖಾಲಿ ಜಾಗವಾಗಿರಲಿಲ್ಲ. ಲ್ಯಾಂಕಾಸ್ಟರ್ ಹತ್ತಿರವೇ ಕಾನೆಸ್ಟೋಗಾ ಎಂಬ ಮೂಲನಿವಾಸಿ ಜನರ ಊರಿತ್ತು. 1763ರ ಡಿಸೆಂಬರ್ 14ರಂದು ಪ್ಯಾಕ್ಸ್‌ಟನ್ ಕಡೆಯ ಗಡಿಭಾಗದ ವಲಸಿಗರ ಗುಂಪೊಂದು ಅಲ್ಲಿ ಆರು ಜನರನ್ನು ಕೊಂದಿತು. ಉಳಿದ 14 ಜನರನ್ನು ರಕ್ಷಣೆಗೆಂದು ಲ್ಯಾಂಕಾಸ್ಟರ್ ಪಟ್ಟಣದೊಳಗೆ ತಂದಿಟ್ಟರೆ, 27ರಂದು ಅಲ್ಲಿಗೇ ನುಗ್ಗಿ ಅವರನ್ನೂ ಕೊಂದಿತು. ಅವರಲ್ಲಿ ಮಕ್ಕಳೂ ಇದ್ದರು. ಆ ಗುಂಪಿನಲ್ಲಿದ್ದವರು ಹೆಚ್ಚಾಗಿ ಸ್ಕಾಟ್ಸ್-ಐರಿಷ್ ಮೂಲದವರು, ಜರ್ಮನ್ ರೈತರಲ್ಲ. ಆದರೂ ಆ ನೆಲದ ತೊಟ್ಟಿಲುಗಳ ಕಥೆ ಬರೆಯುವಾಗ ಅದನ್ನು ಬಿಟ್ಟು ಬರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ.

ಪಾಲಿಶ್ ಯಾಕೆ ಬೇಡ ಅಂತ ಈಗ ಗೊತ್ತಾಗಿರಬೇಕು. ಬೆರಳ ನುಣುಪು, ಕಾಲಿನ ಸವೆತ, ಗರಗಸದ ಗೀಟು, ಕಪ್ಪು ಕಲೆ, ನಾನು ಓದಿದ್ದೆಲ್ಲ ಮೇಲ್ಮೈಯಲ್ಲೇ ಇತ್ತು. ಕೆಲಸ ಕಲಿಯುತ್ತಿದ್ದಾಗ ಒಂದು ವರ್ಕ್‌ಶಾಪಿನಲ್ಲಿ ಯಜಮಾನರು ಹೇಳಿದರು ಅಂತ ಹಳೇ ಪೆಟ್ಟಿಗೆಯೊಂದರ ಬಣ್ಣವನ್ನು ಪೂರ್ತಿ ಕರಗಿಸಿ ತೆಗೆದೆ. ಕೊನೆಯ ಪದರದಡಿ ಮಸುಕಾಗಿ ಒಂದು ಹೆಸರು, ಒಂದು ಇಸವಿ ಕಂಡಿತು. ನೋಡುತ್ತಾ ಇದ್ದ ಹಾಗೆ ಚಿಂದಿ ಬಟ್ಟೆಗೆ ಬಂದುಬಿಟ್ಟಿತು. ಇಪ್ಪತ್ತು ವರ್ಷವಾಯಿತು, ಆ ಹೆಸರಿನ ಮೊದಲ ಅಕ್ಷರ ಮಾತ್ರ ನೆನಪಿದೆ. ನೀವು ಮೆತ್ತನೆ ಬ್ರಷ್ಷಿನಲ್ಲಿ ಹೊರಗಿನ ಧೂಳು ತೆಗೆಯಿರಿ, ಸಾಕು. ಎಣ್ಣೆ ಬೇಡ, ವಾರ್ನಿಶ್ ಬೇಡ, ಒದ್ದೆ ಬಟ್ಟೆ ಬೇಡ. ಹೀಟರಿನಿಂದ ದೂರ ಇಡಿ. ಚೀಟಿಯನ್ನು ಕೀಳಬೇಡಿ, ಸೆಲೋಟೇಪ್ ಅಂತೂ ಹಚ್ಚಲೇಬೇಡಿ. ಅಂದಹಾಗೆ, ದುಡ್ಡಿನ ಲೆಕ್ಕದಲ್ಲಿ ಇಂಥ ತೊಟ್ಟಿಲುಗಳಿಗೆ ದೊಡ್ಡ ಬೆಲೆ ಇಲ್ಲ, ಇವತ್ತು ಯಾರಿಗೂ ಬಳಕೆಗೆ ಬರುವುದಿಲ್ಲವಲ್ಲ. ಇನ್ಶೂರೆನ್ಸ್ ಚಿಂತೆ ಬಿಡಿ.

ಮಗುವನ್ನು ಮಲಗಿಸಬಾರದ್ದಕ್ಕೆ ದೊಡ್ಡ ಕಾರಣ ಒಳಗಿನ ನೀಲಿ-ಬೂದು ಬಣ್ಣ. ಚಕ್ಕೆ ಏಳುತ್ತಿದೆ. ಹಳೇ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ತುಂಬಾ. ಅಮೆರಿಕ ಮನೆಗೆ ಬಳಿಯುವ ಸೀಸದ ಬಣ್ಣವನ್ನು ನಿಷೇಧಿಸಿದ್ದು 1978ರಲ್ಲಷ್ಟೇ. ಸೀಸ ಎಳೆ ಮಕ್ಕಳ ಮೆದುಳಿಗೆ ವಿಷ, ಚೂರು ಧೂಳು ಸಾಕು. ಬಸುರಿ ಹೆಂಗಸಿಗೂ ಒಳ್ಳೆಯದಲ್ಲ. ಆದ್ದರಿಂದ ಮಗಳ ಕೈಯಲ್ಲಿ ಅದನ್ನು ಉಜ್ಜಿಸಬೇಡಿ. ಒಳಗಿನ ಬಣ್ಣ ಕೆರೆಯಲೂ ಬೇಡಿ, ಒಣ ಬ್ರಷ್ ಆಡಿಸಲೂ ಬೇಡಿ. ಈ ಬಣ್ಣವನ್ನು ಪರೀಕ್ಷೆ ಮಾಡಿಸಿ, ಆಮೇಲೆ ಸಂರಕ್ಷಣೆ ಗೊತ್ತಿದ್ದವರ ಕೈಯಲ್ಲಿ ಚಕ್ಕೆಗಳನ್ನು ಕೂರಿಸಬಹುದು. ಅದೂ ಅಲ್ಲದೆ ಮಕ್ಕಳು ಗಟ್ಟಿಯಾದ ಸಮತಟ್ಟು ಹಾಸಿಗೆಯ ಮೇಲೆ ಬೆನ್ನಡಿಯಾಗಿ ಮಲಗಬೇಕು ಎಂಬುದು ಈಗಿನ ವೈದ್ಯರ ಮಾತು. ವಾಲುವ ಹಳೇ ತೊಟ್ಟಿಲು ಇವತ್ತಿನ ಯಾವ ಸುರಕ್ಷತಾ ನಿಯಮಕ್ಕೂ ಹೊಂದುವುದಿಲ್ಲ. ಹೊಸದೊಂದು ಬಾಸಿನೆಟ್, ಅಂದರೆ ಎಳೆ ಮಗುವಿನ ಪುಟ್ಟ ಹಾಸಿಗೆ, ತನ್ನಿ.

ಆದರೆ ಅಜ್ಜಿ ಪ್ರೀತಿಯಿಂದ ಕೊಟ್ಟದ್ದು, ನಾಮಕರಣದ ದಿನ ಅದಕ್ಕೊಂದು ಪಾತ್ರ ಬೇಕು ಅಂತ ನಿಮ್ಮ ಪತ್ರದ ಕೊನೆಯಲ್ಲಿದೆ. ಅದಕ್ಕೆ ನಮ್ಮಲ್ಲೇ ದಾರಿ ಇದೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಗುವಿಗಿಂತ ಮೊದಲು ಗುಂಡುಕಲ್ಲಿಗೆ ಬಟ್ಟೆ ಸುತ್ತಿ, ಕುಂಕುಮ ಇಟ್ಟು ತೊಟ್ಟಿಲಿಗೆ ಹಾಕಿ ತೂಗುತ್ತಾರಲ್ಲ. ಅದನ್ನು ಈ ತೊಟ್ಟಿಲಿನಲ್ಲಿ ಮಾಡಿ. ತಳದ ಹಲಗೆಗೆ ಭಾರ ತಡೆಯದು, ಮುಷ್ಟಿಯಷ್ಟು ಸಣ್ಣ ಕಲ್ಲು ಸಾಕು. ಕೆಳಗೆ ದಪ್ಪ ಬಟ್ಟೆ ಹಾಸಿ, ಆಮೇಲೆ ಆ ಬಟ್ಟೆಯನ್ನು ಮಗುವಿನ ಹತ್ತಿರ ತರಬೇಡಿ. ಮಗು ಬಾಣಂತಿಯ ಮಡಿಲಲ್ಲೇ ಇರಲಿ. ಖಾಲಿ ತೊಟ್ಟಿಲು ತೂಗಬಾರದು ಅಂತ ನಮ್ಮ ಹಿರಿಯರು ಹೇಳುತ್ತಾರೆ. ಜರ್ಮನ್ ಹಳ್ಳಿಗಳಲ್ಲೂ ಅದೇ ಮಾತಿತ್ತು. ಅಜ್ಜಿಗೂ ಅದು ಗೊತ್ತಿರಬಹುದು, ಕೇಳಿ ನೋಡಿ.

ಅವರನ್ನು ಆ ದಿನ ಕರೆತನ್ನಿ. ಮೊದಲ ಸಲ ತೂಗುವುದು ಅವರೇ ಆಗಲಿ, ಕಾಲಬದಿಯ ಎಡ ತುದಿಯಿಂದ. ಫೋನಿನ ರೆಕಾರ್ಡರ್ ಆನ್ ಮಾಡಿ, ಈ ತೊಟ್ಟಿಲಿನಲ್ಲಿ ಯಾರ್ಯಾರು ಮಲಗಿದ್ದರು ಅಂತ ನಿಧಾನವಾಗಿ ಕೇಳಿ. ಅವರು ಹೇಳುವ ಹೆಸರು, ಹೇಳಿದ ದಿನಾಂಕ ಎರಡನ್ನೂ ಬರೆದು ಹಳೇ ಚೀಟಿಯ ಜೊತೆ ಒಂದು ಲಕೋಟೆಯಲ್ಲಿ ಇಡಿ. ಪಟ್ಟಿ ಸಿಕ್ಕಿದರೆ ನನಗೂ ಒಂದು ಪ್ರತಿ ಕಳಿಸಿ. 1738ರ ಸಹಿಗಳ ಜೊತೆ ಹೋಲಿಸಿ ನೋಡೋಣ.